ಅರಳು ಮರಳು ಅಂತ ಬಿಟ್ಟುಬಿಡಬೇಡಿ: ಅಲ್ಝೈಮರ್ ಕಾಯಿಲೆಯನ್ನು ಗುರುತಿಸುವುದು, ಹಂತ ಹಂತವಾಗಿ ಎದುರಿಸುವುದು

ನಮ್ಮ ಅಮ್ಮ ಪ್ರತಿ ವರ್ಷ ಅಪ್ಪೆಮಿಡಿ ಉಪ್ಪಿನಕಾಯಿ ಹಾಕುತ್ತಿದ್ದಳು. ಒಂದು ವರ್ಷ ಮಿಡಿಯನ್ನು ಉಪ್ಪಿಗೆ ಹಾಕಿ ಎರಡೇ ದಿನಕ್ಕೆ, ಅದಿನ್ನೂ ಚಿರುಟುವ ಮೊದಲೇ, ಸಾಸಿವೆ ಖಾರ ಅರೆದು ಸುರಿದುಬಿಟ್ಟಳು. ಭರಣಿ ಪೂರ್ತಿ ಹಾಳಾಯಿತು. ಅರವತ್ತಕ್ಕೆ ಅರಳು ಮರಳು ಅಂತಾರೆ, ಅವಳಿಗೆ ಆಗಲೇ ಎಪ್ಪತ್ತು ದಾಟಿತ್ತು. ನಾವು ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. ಆಮೇಲೆ ತೋರಿಸಿದ ಒಬ್ಬ ಡಾಕ್ಟರೂ "ವಯಸ್ಸಾಯ್ತಲ್ಲ" ಅಂತ ಒಂದು ಟಾನಿಕ್ ಬರೆದು ಕಳಿಸಿದರು. ಹೀಗೆ ಎರಡು ವರ್ಷ ಹೋಯಿತು. ಕಾಯಿಲೆಗೆ ಹೆಸರು ಸಿಗುವ ಹೊತ್ತಿಗೆ, ಅವಳನ್ನೇ ಕೇಳಿ ತಿಳಿದುಕೊಳ್ಳಬೇಕಾಗಿದ್ದ ಎಷ್ಟೋ ವಿಷಯಗಳಿಗೆ ಅವಳಲ್ಲಿ ಉತ್ತರ ಇರಲಿಲ್ಲ.

ಆ ಎರಡು ವರ್ಷ ನಿಮ್ಮ ಮನೆಯಲ್ಲಿ ಹಾಗೆ ಹೋಗಬಾರದು ಅಂತ ಇದನ್ನು ಬರೆಯುತ್ತಿದ್ದೇನೆ. ನಾನು ಡಾಕ್ಟರ್ ಅಲ್ಲ, ಶಿವಮೊಗ್ಗ ಜಿಲ್ಲೆಯ ಹೊಸನಗರದ ಕಡೆಯವಳು, ಆರು ವರ್ಷದಿಂದ ಅಮ್ಮನನ್ನು ನೋಡಿಕೊಳ್ಳುತ್ತಿದ್ದೇನೆ. ನಮ್ಮ ದೇಶದಲ್ಲಿ 60 ದಾಟಿದವರಲ್ಲಿ ಶೇ 7.4ರಷ್ಟು, ಅಂದರೆ ಸುಮಾರು 88 ಲಕ್ಷ ಜನರಿಗೆ ಡಿಮೆನ್ಷಿಯಾ (ನೆನಪು, ತಿಳಿವಳಿಕೆ ಕುಂದುವ ಕಾಯಿಲೆಗಳ ಗುಂಪು, ಅಲ್ಝೈಮರ್ ಅದರಲ್ಲೊಂದು) ಇದೆ ಅಂತ 2023ರಲ್ಲಿ ಪ್ರಕಟವಾದ ದೊಡ್ಡ ಸಮೀಕ್ಷೆಯೊಂದರ ಅಂದಾಜು. ನಿಮ್ಮ ಊರಿನಲ್ಲೂ ಒಂದಿಬ್ಬರು ಇದ್ದೇ ಇರುತ್ತಾರೆ. ಅವರಿಗೆ ಇರುವುದು ಒಂದು ಕಾಯಿಲೆ ಅಂತ ಯಾರೂ ಹೇಳಿರುವುದಿಲ್ಲ, ಅಷ್ಟೇ.

ಇದು ಯಾವ ಮರೆವು ಅಂತ ಮೊದಲು ನೋಡಿ

ಕನ್ನಡಕ ಎಲ್ಲಿಟ್ಟೆ ಅಂತ ಹುಡುಕುವುದು ಮರೆವು. ಅದು ನನಗೂ ಇದೆ, ನಿಮಗೂ ಇದೆ. ಕನ್ನಡಕವನ್ನು ಅಕ್ಕಿ ಡಬ್ಬದಲ್ಲಿಟ್ಟು, ಅದು ಅಲ್ಲಿ ಸಿಕ್ಕಿದಾಗ "ಕೆಲಸದವಳು ಅಡಗಿಸಿಟ್ಟಿದ್ದಾಳೆ" ಅಂತ ಜಗಳಕ್ಕೆ ನಿಂತರೆ ಅದು ಬೇರೆ ವಿಷಯ. ಮದುವೆಗೆ ಬಂದವರ ಹೆಸರು ನೆನಪಾಗದಿರುವುದು ಸಹಜ. ಮದುವೆಗೆ ಹೋಗಿಬಂದದ್ದೇ ಸಂಜೆಗೆ ನೆನಪಿಲ್ಲ ಅಂದರೆ ಸಹಜ ಅಲ್ಲ. ನೆನಪು ಮಾಡಿಕೊಟ್ಟರೆ "ಓ ಹೌದಲ್ವಾ" ಅನ್ನುತ್ತಾರಾ, ಇಲ್ಲಾ ಹೇಳಿದರೂ ಎಲ್ಲಾ ಖಾಲಿ ಅನ್ನುವ ಹಾಗೆ ನೋಡುತ್ತಾರಾ ಅನ್ನುವುದನ್ನು ಗಮನಿಸಿ.

ಇನ್ನೊಂದು, ಕೈಗೆ ಕೂತ ಕೆಲಸದ ಕ್ರಮ ತಪ್ಪುವುದು. ನಲವತ್ತು ವರ್ಷ ಮಾಡಿದ ಉಪ್ಪಿನಕಾಯಿ, ಅಡಿಕೆ ಮಂಡಿಯ ಲೆಕ್ಕ, ಪೂಜೆಯಲ್ಲಿ ಯಾವುದಾದ ಮೇಲೆ ಯಾವುದು ಅನ್ನುವುದು, ಸಂಘದ ಬಡ್ಡಿ ಲೆಕ್ಕ. ಹಳೆಯ ಕಥೆಗಳನ್ನು ಚೆನ್ನಾಗಿ ಹೇಳುತ್ತಾರಲ್ಲ, ನೆನಪಿನ ಶಕ್ತಿಗೇನೂ ಆಗಿಲ್ಲ ಅಂತ ಸಮಾಧಾನ ಮಾಡಿಕೊಳ್ಳಬೇಡಿ. ನಾವು ಮೋಸ ಹೋದದ್ದೇ ಅಲ್ಲಿ. ಈ ಕಾಯಿಲೆ ಸಾಮಾನ್ಯವಾಗಿ ಮೊದಲು ಹಿಡಿಯುವುದು ಮಿದುಳಿನ ಹಿಪೊಕ್ಯಾಂಪಸ್ ಅನ್ನುವ ಭಾಗವನ್ನು. ಹೊಸ ನೆನಪು ಕಟ್ಟುವ ಜಾಗ ಅದು. ಹಾಗಾಗಿ ಬೆಳಿಗ್ಗೆ ತಿಂದ ತಿಂಡಿ ಮರೆತುಹೋಗುತ್ತದೆ, ಐವತ್ತು ವರ್ಷದ ಹಿಂದಿನ ಜಾತ್ರೆ ಕಣ್ಣಿಗೆ ಕಟ್ಟಿದ ಹಾಗೆ ಇರುತ್ತದೆ.

ಒಂದು ಎಚ್ಚರ. ನಿನ್ನೆ ಸರಿ ಇದ್ದವರು ಇವತ್ತು ಇದ್ದಕ್ಕಿದ್ದಂತೆ ಗಲಿಬಿಲಿಯಾದರೆ, ಹೊತ್ತು ಗೊತ್ತು ತಿಳಿಯದೆ ಮಾತಾಡಿದರೆ ಅದನ್ನು ಅಲ್ಝೈಮರ್ ಅಂದುಕೊಂಡು ಕೂರಬೇಡಿ. ಅಲ್ಝೈಮರ್ ತಿಂಗಳು, ವರ್ಷಗಳ ಲೆಕ್ಕದಲ್ಲಿ ಬರುವಂಥದ್ದು. ಒಂದೆರಡು ದಿನದಲ್ಲಿ ಬಂದ ಗಲಿಬಿಲಿಗೆ ಮೂತ್ರದ ಸೋಂಕು, ಜ್ವರ, ಸೋಡಿಯಂ ಇಳಿದಿರುವುದು, ಪಾರ್ಶ್ವವಾಯು, ಹೊಸದಾಗಿ ಶುರು ಮಾಡಿದ ಮಾತ್ರೆ, ಇಂಥದ್ದೇನಾದರೂ ಕಾರಣ ಇರುತ್ತದೆ. ಅದೇ ದಿನ ಆಸ್ಪತ್ರೆಗೆ ಕರೆದುಕೊಂಡು ಹೋಗಿ.

ಒಂದು ನೋಟ್‌ಬುಕ್ ಇಡಿ

ಡಾಕ್ಟರ್ ಮುಂದೆ ಕೂತ ಹತ್ತು ನಿಮಿಷದಲ್ಲಿ ಇವರು ಎಷ್ಟು ಚೆನ್ನಾಗಿ ಮಾತಾಡುತ್ತಾರೆ ಅಂದರೆ ನಿಮಗೇ ಅನುಮಾನ ಬರುತ್ತದೆ. ನಮ್ಮ ಅಮ್ಮ ಡಾಕ್ಟರಿಗೆ "ನಿಮ್ಮ ಊರು ಯಾವುದು, ಕಾಫಿ ಕುಡಿದ್ರಾ" ಅಂತೆಲ್ಲಾ ವಿಚಾರಿಸಿದಳು. ಅದಕ್ಕೇ ಮೂರ್ನಾಲ್ಕು ವಾರ ಬರೆದಿಡಿ. ಏನಾಯಿತು, ಯಾವ ದಿನ, ಯಾವ ಹೊತ್ತು, ಒಂದೊಂದೇ ಸಾಲು. "ಬಚ್ಚಲ ಒಲೆಗೆ ಬೆಂಕಿ ಹಾಕಿ ಹಂಡೆಗೆ ನೀರು ತುಂಬಲು ಮರೆತಳು." "ಒಂದೇ ಪ್ರಶ್ನೆ ಅರ್ಧ ಗಂಟೆಯಲ್ಲಿ ಆರು ಸಲ ಕೇಳಿದಳು." "ತಂಗಿಯ ಮನೆಯಿಂದ ವಾಪಸ್ ಬರುವ ದಾರಿ ತಪ್ಪಿತು." ಮೊದಲು ಕಂಡದ್ದು ಯಾವಾಗ, ನಿಧಾನವಾಗಿ ಜಾಸ್ತಿಯಾಯಿತಾ ಇಲ್ಲಾ ಮೆಟ್ಟಿಲು ಇಳಿದ ಹಾಗೆ ಒಮ್ಮೆಲೇ ಕುಸಿಯಿತಾ ಅನ್ನುವುದನ್ನೂ ಬರೆಯಿರಿ. ಮೆಟ್ಟಿಲಿನ ಹಾಗೆ ಇಳಿದರೆ ಮಿದುಳಿನ ರಕ್ತನಾಳದ ತೊಂದರೆಯಿಂದ ಬರುವ ಡಿಮೆನ್ಷಿಯಾ ಇರಬಹುದು. ಮೊದಲಿಗೇ ಸ್ವಭಾವ ಬದಲಾದರೆ ಬೇರೊಂದು ಬಗೆಯ ಡಿಮೆನ್ಷಿಯಾ, ಇಲ್ಲದ ಮಕ್ಕಳು, ಪ್ರಾಣಿಗಳು ಕಣ್ಣಿಗೆ ಕಂಡರೆ ಇನ್ನೊಂದು ಬಗೆ ಇರಬಹುದು. ಡಿಮೆನ್ಷಿಯಾ ಅನ್ನುವುದು ಒಂದು ಗುಂಪಿನ ಹೆಸರು. ಅದರಲ್ಲಿ ಶೇ 60ರಿಂದ 70ರಷ್ಟು ಅಲ್ಝೈಮರ್, ಉಳಿದವು ಬೇರೆ.

ಬಿದ್ದದ್ದು ಇದ್ದರೆ ಅದನ್ನು ಖಂಡಿತ ಬರೆಯಿರಿ. ಮಳೆಗಾಲದಲ್ಲಿ ನಮ್ಮ ಅಂಗಳ ಹೇಗೆ ಪಾಚಿ ಕಟ್ಟುತ್ತದೆ ಗೊತ್ತಲ್ಲ, ಅಡಿಕೆ ದಬ್ಬೆ ಹಾಸಿದರೂ ಕಾಲು ಜಾರುತ್ತದೆ. ವಯಸ್ಸಾದವರು ತಲೆಗೆ ಸಣ್ಣ ಪೆಟ್ಟು ಮಾಡಿಕೊಂಡು "ಏನಾಗಿಲ್ಲ" ಅಂತ ಎದ್ದು ಹೋಗುತ್ತಾರೆ. ಆದರೆ ತಲೆಬುರುಡೆಯ ಒಳಗೆ ನಿಧಾನವಾಗಿ ರಕ್ತ ಸೇರಿ, ವಾರಗಳ ನಂತರ ಮರೆವು, ಮಂಕು, ನಡಿಗೆ ತಪ್ಪುವುದು ಶುರುವಾಗಬಹುದು. ಸ್ಕ್ಯಾನ್‌ನಲ್ಲಿ ಅದು ಕಾಣುತ್ತದೆ, ಚಿಕಿತ್ಸೆಯೂ ಇದೆ.

ಮನೆಯಲ್ಲಿರುವ ಎಲ್ಲಾ ಮಾತ್ರೆಗಳನ್ನು ಒಂದು ಚೀಲಕ್ಕೆ ಹಾಕಿಕೊಂಡು ಹೋಗಿ. ನಿದ್ದೆ ಮಾತ್ರೆ, ನಿದ್ದೆ ಬರಿಸುವ ಹಳೆಯ ತರದ ಅಲರ್ಜಿ ಮಾತ್ರೆ, ಕೆಲವು ಕೆಮ್ಮಿನ ಔಷಧಿಗಳು ಮರೆವನ್ನು ಜಾಸ್ತಿ ಮಾಡುತ್ತವೆ.

ಎಲ್ಲಿಗೆ ಹೋಗಬೇಕು, ಅಲ್ಲಿ ಏನು ಮಾಡುತ್ತಾರೆ

ನರರೋಗ ತಜ್ಞರು ಅಥವಾ ಮನೋವೈದ್ಯರು, ಇಬ್ಬರಲ್ಲಿ ಯಾರಾದರೂ ಆದೀತು. ಮನೋವೈದ್ಯರು ಅಂದ ತಕ್ಷಣ ಮನೆಯಲ್ಲಿ ಮುಖ ಸಪ್ಪಗಾಗುತ್ತದೆ, ಅದಕ್ಕೆ ಕಿವಿ ಕೊಡಬೇಡಿ. ಶಿವಮೊಗ್ಗದಲ್ಲಿ ಮೆಗ್ಗಾನ್ ಆಸ್ಪತ್ರೆಯೇ ಮೆಡಿಕಲ್ ಕಾಲೇಜಿನ ಆಸ್ಪತ್ರೆ. ಸರ್ಕಾರ ಮತ್ತು ನಿಮ್ಹಾನ್ಸ್ ಸೇರಿ 2022ರಲ್ಲಿ ಕರ್ನಾಟಕ ಬ್ರೈನ್ ಹೆಲ್ತ್ ಇನಿಷಿಯೇಟಿವ್ ಅಂತ ಶುರು ಮಾಡಿವೆ, ಅದರಡಿ ಮಿದುಳು ಆರೋಗ್ಯ ಕ್ಲಿನಿಕ್ ಯಾವ ದಿನ ಇದೆ ಅಂತ ಅಲ್ಲಿ ವಿಚಾರಿಸಿ. ಗೊಂದಲ ಉಳಿದರೆ ಬೆಂಗಳೂರಿನ ನಿಮ್ಹಾನ್ಸ್ ಇದೆ. ಆಗುಂಬೆ, ನಗರ (ಬಿದನೂರು) ಕಡೆಯಿಂದ ಬರುವವರಿಗೆ ನನ್ನದೊಂದು ಸಲಹೆ: ಬಸ್ಸಿನಲ್ಲಿ ಮೂರು ಗಂಟೆ ಅಲ್ಲಾಡಿಸಿಕೊಂಡು ಬಂದವರನ್ನು ನೇರ ಪರೀಕ್ಷೆಗೆ ಕೂರಿಸಬೇಡಿ. ಸಾಧ್ಯವಾದರೆ ಹಿಂದಿನ ರಾತ್ರಿಯೇ ನೆಂಟರ ಮನೆಯಲ್ಲಿ ಉಳಿಯಿರಿ. ಸುಸ್ತಾದ ತಲೆ ಇದ್ದದ್ದಕ್ಕಿಂತ ಕೆಟ್ಟದಾಗಿ ಉತ್ತರ ಕೊಡುತ್ತದೆ.

ಮೊದಲು ಪ್ರಶ್ನೆಗಳು. ಇದು ಯಾವ ವರ್ಷ, ಯಾವ ತಿಂಗಳು, ನೂರರಿಂದ ಏಳೇಳು ಕಳೆಯುತ್ತಾ ಹೋಗಿ, ಈ ಮೂರು ಪದ ನೆನಪಿಟ್ಟುಕೊಳ್ಳಿ, ಗಡಿಯಾರ ಬರೆಯಿರಿ, ಹೀಗೆ. ಒಟ್ಟು 30 ಅಂಕದ ಪರೀಕ್ಷೆ ಎಲ್ಲ ಕಡೆ ಬಳಕೆಯಲ್ಲಿದೆ. ಆದರೆ ಶಾಲೆಗೆ ಹೋಗದವರಿಗೆ ಇದರಲ್ಲಿ ಅಂಕ ಸಹಜವಾಗಿಯೇ ಕಮ್ಮಿ ಬರುತ್ತದೆ. ಪೆನ್ನು ಹಿಡಿಯದವರಿಗೆ ಗಡಿಯಾರ ಬರೆ ಅಂದರೆ? ನಮ್ಮ ಅಮ್ಮ ಮೂರನೇ ಕ್ಲಾಸು. ಅವಳು ಯಾವತ್ತೂ ತಾರೀಕು ನೋಡಿ ಬದುಕಿದವಳಲ್ಲ, ಮಳೆ ನಕ್ಷತ್ರ ನೋಡಿ ಬದುಕಿದವಳು. ನಾನು ಡಾಕ್ಟರಿಗೆ ಹೇಳಿದೆ, ಈಗ ಯಾವ ಮಳೆ ನಡೀತಿದೆ ಅಂತ ಕೇಳಿ ಸಾರ್ ಅಂತ. ಹೊರಗೆ ಪುಷ್ಯ ಮಳೆ ಸುರಿಯುತ್ತಿತ್ತು. ಅವಳು ಕಿಟಕಿ ನೋಡಿದಳು, ತುಂಬಾ ಹೊತ್ತು ಯೋಚಿಸಿ "ದೀಪಾವಳಿ ಆಯ್ತಲ್ಲ" ಅಂದಳು. ಡಾಕ್ಟರ್ ಅದನ್ನು ಬರೆದುಕೊಂಡರು. ನೀವೂ ಹೀಗೆ ಹೇಳಿ. ಅವರ ಬದುಕಿನಲ್ಲಿ ಯಾವುದು ಚೆನ್ನಾಗಿ ಬರುತ್ತಿತ್ತು, ಅದು ಈಗ ಹೇಗಿದೆ ಅನ್ನುವುದು ಅಂಕಕ್ಕಿಂತ ಜಾಸ್ತಿ ತಿಳಿಸುತ್ತದೆ. ಕನ್ನಡದಲ್ಲೇ ಮಾಡುವ, ಓದು ಬಾರದವರಿಗೂ ಹೊಂದುವ ಪರೀಕ್ಷೆಗಳು ಈಗ ಇವೆ, ಕೇಳಿ ನೋಡಿ. ಕಿವಿ ಕೇಳದಿದ್ದರೆ ಅದನ್ನೂ ಮೊದಲೇ ಹೇಳಿಬಿಡಿ, ಇಲ್ಲದಿದ್ದರೆ ಕೇಳಿಸದ್ದೂ ಮರೆವಿನ ಲೆಕ್ಕಕ್ಕೆ ಹೋಗುತ್ತದೆ.

ಆಮೇಲೆ ರಕ್ತ ಪರೀಕ್ಷೆ. ಥೈರಾಯ್ಡ್, ಬಿ12, ಸಕ್ಕರೆ, ಸೋಡಿಯಂ, ಕಿಡ್ನಿ, ಲಿವರ್. ಇದನ್ನು ದಯವಿಟ್ಟು ಬಿಡಬೇಡಿ, ಯಾಕೆಂದರೆ ಸರಿಪಡಿಸಬಹುದಾದ ಮರೆವು ಇಲ್ಲೇ ಸಿಗುವುದು. ಮೀನು ಮಾಂಸ ತಿನ್ನದ ಮನೆಗಳಲ್ಲಿ ಬಿ12 ಕಮ್ಮಿ ಇರುವುದು ತೀರಾ ಸಾಮಾನ್ಯ. ಸಕ್ಕರೆ ಕಾಯಿಲೆಗೆ ವರ್ಷಗಟ್ಟಲೆ ಮೆಟ್‌ಫಾರ್ಮಿನ್ ತೆಗೆದುಕೊಳ್ಳುವವರಲ್ಲಿ, ದಿನಾ ಗ್ಯಾಸ್ಟ್ರಿಕ್ ಮಾತ್ರೆ ನುಂಗುವವರಲ್ಲಿ ಇನ್ನೂ ಇಳಿದಿರುತ್ತದೆ. ಖಿನ್ನತೆಯೂ ಥೇಟ್ ಮರೆವಿನ ಹಾಗೇ ಕಾಣುತ್ತದೆ, ಗಂಡ ತೀರಿಕೊಂಡ ಮೇಲೆ ಮೂಲೆ ಹಿಡಿದು ಕೂತ ಅಜ್ಜಿಯರನ್ನು ಒಮ್ಮೆ ನೆನಪು ಮಾಡಿಕೊಳ್ಳಿ. ಅದಕ್ಕೂ ಚಿಕಿತ್ಸೆ ಇದೆ.

ಕೊನೆಗೆ ಸಿಟಿ ಅಥವಾ ಎಂಆರ್‌ಐ. ಗಡ್ಡೆ, ರಕ್ತಸ್ರಾವ, ಹಳೆಯ ಸಣ್ಣ ಸ್ಟ್ರೋಕ್‌ಗಳು ಇಲ್ಲ ಅಂತ ಖಚಿತ ಮಾಡಿಕೊಳ್ಳಲು, ಹಿಪೊಕ್ಯಾಂಪಸ್ ಕುಗ್ಗಿದೆಯಾ ಅಂತ ನೋಡಲು. ಒಂದು ವಿಷಯ ತಿಳಿದಿರಲಿ: ಸ್ಕ್ಯಾನ್ ನೋಡಿ "ಇದೇ ಅಲ್ಝೈಮರ್" ಅಂತ ಬೆರಳಿಟ್ಟು ತೋರಿಸುವ ಹಾಗಿಲ್ಲ. ಮನೆಯವರ ಮಾತು, ಪರೀಕ್ಷೆ, ರಕ್ತ, ಸ್ಕ್ಯಾನ್ ಎಲ್ಲಾ ಸೇರಿಸಿ ಡಾಕ್ಟರ್ ತೀರ್ಮಾನಕ್ಕೆ ಬರುತ್ತಾರೆ. ಬೆನ್ನುಹುರಿ ನೀರಿನ ಪರೀಕ್ಷೆ, ವಿಶೇಷ ಪೆಟ್ ಸ್ಕ್ಯಾನ್ ಇವೆ, ಹೊಸ ರಕ್ತ ಪರೀಕ್ಷೆಗಳೂ ಬರುತ್ತಿವೆ. ಎಲ್ಲರಿಗೂ ಅವು ಬೇಕಾಗುವುದಿಲ್ಲ.

ತಲೆಯೊಳಗೆ ಆಗುವುದೇನು ಅಂದರೆ, ಅಮಿಲಾಯ್ಡ್ ಅನ್ನುವ ಪ್ರೊಟೀನ್ ನರಕೋಶಗಳ ನಡುವೆ ಗಂಟು ಗಂಟಾಗಿ ಕೂರುತ್ತದೆ, ಟೌ ಅನ್ನುವ ಇನ್ನೊಂದು ಕೋಶದ ಒಳಗೆ ಸಿಕ್ಕು ಸಿಕ್ಕಾಗುತ್ತದೆ, ಕೋಶಗಳು ಸಾಯುತ್ತವೆ. ಜರ್ಮನಿಯ ಅಲೋಯಿಸ್ ಅಲ್ಝೈಮರ್ ಅನ್ನುವ ಡಾಕ್ಟರ್ 1906ರಲ್ಲೇ ಇದನ್ನು ವಿವರಿಸಿದ್ದರು. ನಮಗೆ ಲಕ್ಷಣ ಕಾಣುವ ಹದಿನೈದು ಇಪ್ಪತ್ತು ವರ್ಷ ಮೊದಲೇ ಇದು ಶುರುವಾಗಿರುತ್ತದೆ. ಹಾಗಾಗಿ "ಅಪ್ಪ ಸತ್ತ ಚಿಂತೆಯಿಂದ ಬಂತು", "ಅವತ್ತು ಹೆದರಿದ್ದಕ್ಕೆ ಬಂತು" ಅಂತ ಯಾರ ಮೇಲೂ ತಪ್ಪು ಹೊರಿಸಬೇಡಿ.

ಹೆಸರು ಸಿಕ್ಕ ಮೇಲಿನ ಮೊದಲ ತಿಂಗಳುಗಳು

ಈ ಸಮಯ ಚಿನ್ನದಂಥದ್ದು. ಅವರು ಇನ್ನೂ ಅವರೇ ಆಗಿರುತ್ತಾರೆ, ಬೇಕು ಬೇಡ ಹೇಳಬಲ್ಲರು. ಕಾಯಿಲೆಯ ಹೆಸರನ್ನು ಅವರಿಂದ ಮುಚ್ಚಿಡಬೇಕಾ? ಮುಚ್ಚಿಡಬಾರದು ಅಂತ ನನ್ನ ಅಭಿಪ್ರಾಯ. ಏನೋ ತಪ್ಪುತ್ತಿದೆ ಅಂತ ಅವರಿಗೂ ಗೊತ್ತಿರುತ್ತದೆ, ಒಳಗೊಳಗೇ ಹೆದರಿರುತ್ತಾರೆ. "ನೆನಪಿನ ಕಾಯಿಲೆ ಅಂತೆ ಅಮ್ಮ, ಮಾತ್ರೆ ಕೊಟ್ಟಿದ್ದಾರೆ, ನಾವಿದ್ದೇವೆ" ಅಂದರೆ ಸಾಕು.

ಕಾಗದ ಪತ್ರದ ಕೆಲಸ ಈಗಲೇ ಮಾಡಿ. ಎಷ್ಟೋ ಮನೆಯಲ್ಲಿ ಪವರ್ ಆಫ್ ಅಟಾರ್ನಿ ಮಾಡಿಸಿದರೆ ಎಲ್ಲಾ ಮುಗಿಯಿತು ಅಂದುಕೊಂಡಿರುತ್ತಾರೆ. ಬರೆದುಕೊಟ್ಟವರಿಗೆ ತಿಳಿವಳಿಕೆ ಹೋದ ಮೇಲೆ ನಮ್ಮ ಕಾನೂನಿನಲ್ಲಿ ಅದು ನಡೆಯುವುದಿಲ್ಲ, ಆಮೇಲೆ ಪೋಷಕರನ್ನಾಗಿ ನೇಮಿಸಿ ಅಂತ ಕೋರ್ಟಿಗೆ ಅಲೆಯಬೇಕಾಗುತ್ತದೆ. ಬ್ಯಾಂಕು, ಸೊಸೈಟಿ ಖಾತೆಗಳನ್ನು ಜಂಟಿ ಮಾಡಿಸಿ, ನಾಮಿನಿ ನೋಡಿ, ತೋಟದ ವಿಷಯದಲ್ಲಿ ವಿಲ್ ಬರೆಯುವ ಮನಸ್ಸಿದ್ದರೆ ಅವರಿಗೆ ತಿಳಿವಳಿಕೆ ಇದೆ ಅಂತ ಡಾಕ್ಟರ್ ಸರ್ಟಿಫಿಕೇಟ್ ಜೊತೆಗಿಟ್ಟು ಬರೆಸಿ. ಕಾಯಿಲೆ ಇದೆ ಅಂದ ಮಾತ್ರಕ್ಕೆ ತಿಳಿವಳಿಕೆ ಇಲ್ಲ ಅಂತ ಅಲ್ಲ. ಆಸ್ತಿ ಅವರದು, ಮಾತು ಅವರದು. ಮಕ್ಕಳೆಲ್ಲರನ್ನೂ ಕೂರಿಸಿಕೊಂಡೇ ಮಾಡಿ.

ಇದಕ್ಕಿಂತ ಮುಖ್ಯವಾದದ್ದು ಅವರನ್ನೇ ಕೇಳಿಕೊಳ್ಳುವುದು. ಮುಂದೆ ಯಾರ ಮನೆಯಲ್ಲಿ ಇರಬೇಕು ಅನ್ನಿಸುತ್ತದೆ, ಕಾಯಿಲೆ ಜೋರಾದಾಗ ಆಸ್ಪತ್ರೆ ಬೇಕಾ ಮನೆ ಸಾಕಾ, ಯಾರ ಹತ್ತಿರ ಸ್ನಾನ ಮಾಡಿಸಿಕೊಳ್ಳುವುದಕ್ಕೆ ಮುಜುಗರ. ನಾವು ಕೇಳಲಿಲ್ಲ. ಇವತ್ತಿಗೂ ಪ್ರತಿಯೊಂದನ್ನೂ ಊಹೆಯಿಂದ ಮಾಡುತ್ತಿದ್ದೇನೆ.

ಮಾತ್ರೆಗಳ ಬಗ್ಗೆ ಬೇಗ ಹೇಳಿಬಿಡುತ್ತೇನೆ. ಡೊನೆಪೆಜಿಲ್, ರಿವಾಸ್ಟಿಗ್ಮಿನ್, ಗ್ಯಾಲಂಟಮಿನ್ ಮೊದಲ ಹಂತದಿಂದ ಕೊಡುವಂಥವು, ಮೆಮಾಂಟಿನ್ ಸ್ವಲ್ಪ ಮುಂದುವರಿದ ಮೇಲೆ. ಇವು ಕಾಯಿಲೆಯನ್ನು ವಾಸಿ ಮಾಡುವುದಿಲ್ಲ, ನಿಲ್ಲಿಸುವುದೂ ಇಲ್ಲ, ಕೆಲವರಲ್ಲಿ ಸ್ವಲ್ಪ ಕಾಲ ಹಿಡಿದಿಡುತ್ತವೆ. ಡೊನೆಪೆಜಿಲ್‌ನಿಂದ ವಾಂತಿ, ಭೇದಿ, ಕೆಟ್ಟ ಕನಸು ಬರಬಹುದು, ನಾಡಿ ನಿಧಾನವಾಗಬಹುದು. ತಲೆ ತಿರುಗಿ ಬಿದ್ದರೆ ತಕ್ಷಣ ಡಾಕ್ಟರಿಗೆ ಹೇಳಿ. ಅಮಿಲಾಯ್ಡ್ ತೆಗೆಯುವ ಲೆಕಾನೆಮಾಬ್, ಡೊನಾನೆಮಾಬ್ ಅನ್ನುವ ಇಂಜೆಕ್ಷನ್‌ಗಳಿಗೆ ಅಮೆರಿಕದಲ್ಲಿ 2023, 2024ರಲ್ಲಿ ಒಪ್ಪಿಗೆ ಸಿಕ್ಕಿದೆ. ಅವೂ ತೀರಾ ಶುರುವಿನಲ್ಲಿರುವವರಿಗೆ ಮಾತ್ರ, ಮಿದುಳಿನಲ್ಲಿ ಬಾವು, ರಕ್ತಸ್ರಾವದ ಅಪಾಯವೂ ಇದೆ. ನೆನಪು ವಾಪಸ್ ತರುತ್ತೇವೆ ಅಂತ ಸಾವಿರಗಟ್ಟಲೆ ಕೀಳುವ ಪುಡಿ, ಎಣ್ಣೆಗಳಿಗೆ ದುಡ್ಡು ಹಾಕಬೇಡಿ.

ನಡುವಿನ ವರ್ಷಗಳು

ಗೊತ್ತಾದ ಮೇಲೆ ಸಾಮಾನ್ಯವಾಗಿ ನಾಲ್ಕರಿಂದ ಎಂಟು ವರ್ಷ ಅಂತಾರೆ, ಇಪ್ಪತ್ತು ವರ್ಷ ಬದುಕಿದವರೂ ಇದ್ದಾರೆ. ಅದರಲ್ಲಿ ಉದ್ದದ್ದು ಈ ನಡುವಿನ ಹಂತ, ಕಷ್ಟದ್ದೂ ಇದೇ. ಬಟ್ಟೆ ಉಡುವುದು, ಸ್ನಾನ, ದುಡ್ಡು ಯಾವುದೂ ಒಬ್ಬರಿಗೇ ಆಗುವುದಿಲ್ಲ. ಅನುಮಾನ ಹುಟ್ಟುತ್ತದೆ. ಸರ ಕದ್ದರು ಅನ್ನುತ್ತಾರೆ, ಊಟ ಹಾಕಲಿಲ್ಲ ಅಂತ ಪಕ್ಕದ ಮನೆಯಲ್ಲಿ ಹೇಳಿ ಬರುತ್ತಾರೆ. ಸೊಸೆ ಇದನ್ನು ಕೇಳಿ ಅಳುತ್ತಾಳೆ. ಪಕ್ಕದ ಮನೆಯವರಿಗೆ ನೀವೇ ಮೊದಲು ಹೋಗಿ ಕಾಯಿಲೆಯ ವಿಷಯ ಹೇಳಿಬಿಡಿ, ಮುಚ್ಚಿಟ್ಟಷ್ಟೂ ಕಷ್ಟ. ದಾರಿ ತಪ್ಪಿದಾಗ ಕೈ ಹಿಡಿದು ಕರೆದುಕೊಂಡು ಬರುವವರೂ ಅವರೇ ಅಲ್ವಾ.

ಸಂಜೆಯಾಗುತ್ತಿದ್ದ ಹಾಗೆ ಚಡಪಡಿಕೆ ಜಾಸ್ತಿಯಾಗುತ್ತದೆ. ಆಷಾಢ ಶ್ರಾವಣದಲ್ಲಿ ನಮ್ಮಲ್ಲಿ ನಾಲ್ಕು ಗಂಟೆಗೇ ಕತ್ತಲು, ಮೇಲೆ ಕರೆಂಟಿಲ್ಲ. ಮೂರೂವರೆಗೇ ದೀಪ ಹಾಕಿ, ಬ್ಯಾಟರಿ ದೀಪಗಳನ್ನು ಜಗಲಿಯಲ್ಲಿ, ಬಚ್ಚಲ ದಾರಿಯಲ್ಲಿ ಇಡಿ. ಆ ಹೊತ್ತಿಗೆ ಕೈಗೊಂದು ಕೆಲಸ ಕೊಡಿ. ನೆನಪು ಹೋದರೂ ಕೈಯ ಅಭ್ಯಾಸ ತುಂಬಾ ದಿನ ಇರುತ್ತದೆ. ಅಮ್ಮನಿಗೆ ನಾನು ಮೆಟ್ಟುಗತ್ತಿ ಕೈಗೆ ಸಿಗದ ಹಾಗೆ ಎತ್ತಿಟ್ಟು, ಒಣಗಿದ ಅಡಿಕೆ ಆರಿಸಲು ಮೊರದಲ್ಲಿ ಹಾಕಿಕೊಡುತ್ತಿದ್ದೆ. ತಪ್ಪು ಆರಿಸಿದರೆ ಏನಾಯಿತು, ರಾತ್ರಿ ಮತ್ತೆ ಬೆರೆಸಿ ಮರುದಿನ ಅದನ್ನೇ ಕೊಡುವುದು.

ಎದ್ದು ಹೊರಟುಬಿಡುವುದು ನಮ್ಮ ಕಡೆ ದೊಡ್ಡ ಅಪಾಯ. ಪೇಟೆಯಲ್ಲಿ ದಾರಿ ತಪ್ಪಿದರೆ ಯಾರಾದರೂ ನೋಡುತ್ತಾರೆ. ಇಲ್ಲಿ ಅಂಗಳ ದಾಟಿದರೆ ತೋಟ, ತೋಟ ದಾಟಿದರೆ ಹಳ್ಳ, ಆಚೆ ಕಾಡು, ಮೊಬೈಲ್ ಸಿಗ್ನಲ್ಲೂ ಇಲ್ಲ. ಬಾವಿಗೆ ಕಟ್ಟೆ, ಜಾಲರಿ ಹಾಕಿಸಿ. ಅಗುಳಿಯನ್ನು ಬಾಗಿಲಿನ ತೀರಾ ಕೆಳಗೆ ಅಥವಾ ತೀರಾ ಮೇಲೆ ಹಾಕಿದರೆ ಅವರ ಕಣ್ಣಿಗೆ ಬೀಳುವುದಿಲ್ಲ. ಆದರೆ ಒಳಗೆ ಒಬ್ಬರನ್ನೇ ಬಿಟ್ಟು ಬೀಗ ಹಾಕಿ ಹೋಗಬೇಡಿ, ಬೆಂಕಿ ಬಿದ್ದರೆ ಗತಿ ಏನು. ಬಾಗಿಲಿಗೆ ದನದ ಕೊರಳಿನ ಗಂಟೆ ಕಟ್ಟಿದ್ದೇವೆ, ಸದ್ದಾದರೆ ಎಚ್ಚರವಾಗುತ್ತದೆ. ಕೈಬಳೆಯಲ್ಲೋ ಸರದಲ್ಲೋ ಫೋನ್ ನಂಬರ್ ಇರಲಿ. ಕೀಟನಾಶಕ, ಮೈಲುತುತ್ತಿನ ಡಬ್ಬಗಳನ್ನು ಬೀಗದಲ್ಲಿಡಿ.

"ಮನೆಗೆ ಹೋಗಬೇಕು" ಅನ್ನುವ ಮಾತಿನ ಬಗ್ಗೆ ಹೇಳಲೇಬೇಕು. ಸ್ವಂತ ಮನೆಯಲ್ಲಿ ಕೂತೇ ಕೇಳುತ್ತಾರೆ. ನಮ್ಮ ಅಮ್ಮ ಕೇಳುತ್ತಿದ್ದ ಮನೆ ಶರಾವತಿ ಹಿನ್ನೀರಿನ ಅಡಿಯಲ್ಲಿದೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಆದಾಗ ಅವಳ ತವರು ಪೂರ್ತಿ ಮುಳುಗಿತು. ಮೊದಲು ಮೊದಲು ನಾನು ತಿದ್ದುತ್ತಿದ್ದೆ, "ಅದು ಮುಳುಗಿ ಅರವತ್ತು ವರ್ಷ ಆಯ್ತಲ್ಲಮ್ಮ" ಅಂತ. ಆಗೆಲ್ಲಾ ಅವಳಿಗೆ ಅದು ಹೊಸ ಸುದ್ದಿ. ಪ್ರತಿ ಸಲ ಈಗ ತಾನೇ ಊರು ಮುಳುಗಿದ ಹಾಗೆ ಅಳುತ್ತಿದ್ದಳು. ದಿನಕ್ಕೆ ಮೂರು ಸಲ ಒಬ್ಬಳ ಊರು ಮುಳುಗಿಸುವ ಹಕ್ಕು ನನಗೆ ಯಾರು ಕೊಟ್ಟರು ಅನ್ನಿಸಿ ಬಿಟ್ಟೆ. ಆಮೇಲೆ ಹೀಗೆ ಕೇಳುತ್ತಿದ್ದೆ: ಅಲ್ಲಿ ಹಿತ್ತಲಲ್ಲಿ ಏನಿತ್ತು, ಕೊಟ್ಟಿಗೆಯಲ್ಲಿ ಎಷ್ಟು ದನ ಇದ್ದವು. ಅವಳು ಹೇಳುತ್ತಿದ್ದಳು. ಹೇಳುತ್ತಾ ಹೇಳುತ್ತಾ ಹೊರಡುವುದು ಮರೆಯುತ್ತಿದ್ದಳು. ಇದು ಸುಳ್ಳು ಹೇಳಿದ ಹಾಗಲ್ವಾ ಅಂತ ತಮ್ಮ ಕೇಳಿದ. ನನಗೆ ಹಾಗೆ ಅನ್ನಿಸುವುದಿಲ್ಲ. ಮನೆ ಬೇಕು ಅನ್ನುವವರಿಗೆ ಬೇಕಾದ್ದು ಧೈರ್ಯ, ಬೆಚ್ಚಗಿನ ಒಂದು ಜಾಗ.

ರೇಗಾಟ ಇದ್ದಕ್ಕಿದ್ದಂತೆ ಜಾಸ್ತಿಯಾದರೆ ಮೊದಲು ಮೈ ನೋಡಿ. ಮಲಬದ್ಧತೆ, ಹಲ್ಲು ನೋವು, ಮೂತ್ರದ ಉರಿ, ಬಾಯಿಬಿಟ್ಟು ಹೇಳಲು ಬರುವುದಿಲ್ಲ, ಸಿಟ್ಟಾಗಿ ಹೊರಗೆ ಬರುತ್ತದೆ. ಸುಮ್ಮನಾಗಿಸುವ ಬಲವಾದ ಮನೋರೋಗದ ಮಾತ್ರೆಗಳು ಇವರಲ್ಲಿ ಸ್ಟ್ರೋಕ್ ಮತ್ತು ಸಾವಿನ ಅಪಾಯ ಹೆಚ್ಚಿಸುತ್ತವೆ. ಬೇರೆ ದಾರಿ ಇಲ್ಲದಾಗ, ಕಮ್ಮಿ ಪ್ರಮಾಣದಲ್ಲಿ, ಕಮ್ಮಿ ದಿನ, ಡಾಕ್ಟರ್ ಹೇಳಿದರೆ ಮಾತ್ರ.

ನೋಡಿಕೊಳ್ಳುವವರಿಗೆ

ಮನೆಯಲ್ಲಿ ಒಬ್ಬ ಹೆಂಗಸಿನ ಮೇಲೆ ಎಲ್ಲಾ ಬೀಳುತ್ತದೆ. ಬೆಂಗಳೂರಿನಲ್ಲಿರುವವರು ಫೋನಿನಲ್ಲಿ "ಹೇಗಿದ್ದಾಳೆ" ಅಂತ ಕೇಳುತ್ತಾರೆ. ಅವರಿಗೆ ದಿನ ಹಂಚಿಕೊಡಿ: ತಿಂಗಳಿಗೆ ಇಷ್ಟು ದುಡ್ಡು, ಮೂರು ತಿಂಗಳಿಗೊಮ್ಮೆ ಒಂದು ವಾರ ಬಂದು ಇರುವುದು. ಕೇಳಲು ಸಂಕೋಚ ಬೇಡ. ನಾನು ಮೂರನೇ ವರ್ಷ ಕೇಳಿದೆ, ಮೊದಲನೇ ವರ್ಷವೇ ಕೇಳಬೇಕಿತ್ತು. ನಿದ್ದೆ ಇಲ್ಲದೆ ಕೈ ಎತ್ತುವ ಹಾಗೆ ಸಿಟ್ಟು ಬಂದರೆ ಆ ಜಾಗದಿಂದ ಎದ್ದು ಹೋಗಿ, 14416ಕ್ಕೆ ಫೋನ್ ಮಾಡಿ. ಅದು ಟೆಲಿ ಮಾನಸ್, ಕನ್ನಡದಲ್ಲೇ ಮಾತಾಡುತ್ತಾರೆ. ಹಿರಿಯ ನಾಗರಿಕರ ಸಹಾಯವಾಣಿ 14567.

ನನಗೂ ಬರುತ್ತದಾ ಅನ್ನುವ ಭಯ ಎಲ್ಲಾ ಮಕ್ಕಳಿಗೂ ಇರುತ್ತದೆ. ತಾಯಿಗೆ ಇದ್ದರೆ ಸಾಧ್ಯತೆ ಸ್ವಲ್ಪ ಜಾಸ್ತಿ, ಬಂದೇ ಬರುತ್ತದೆ ಅಂತಿಲ್ಲ. ಬಿಪಿ, ಸಕ್ಕರೆ, ಕೊಲೆಸ್ಟ್ರಾಲ್ ಹತೋಟಿ, ಬೀಡಿ ಸಿಗರೇಟು ಬಿಡುವುದು, ನಡೆದಾಡುವುದು, ಕಿವಿ ಮಂದವಾದರೆ ಮಷಿನ್ ಹಾಕಿಸಿಕೊಳ್ಳುವುದು, ನಾಲ್ಕು ಜನರ ಜೊತೆ ಬೆರೆಯುವುದು. ಇಂಥ 14 ಅಂಶಗಳನ್ನು ಸರಿಪಡಿಸಿಕೊಂಡರೆ ಜಗತ್ತಿನ ಡಿಮೆನ್ಷಿಯಾದಲ್ಲಿ ಸುಮಾರು ಶೇ 45ರಷ್ಟನ್ನು ತಡೆಯಬಹುದು ಅಥವಾ ಮುಂದೂಡಬಹುದು ಅಂತ 2024ರ ಲ್ಯಾನ್ಸೆಟ್ ಆಯೋಗದ ವರದಿ ಹೇಳಿದೆ.

ಕೊನೆಯ ಹಂತ

ಮಾತು ಒಂದೆರಡು ಪದಕ್ಕೆ ಇಳಿಯುತ್ತದೆ. ನಡಿಗೆ ನಿಲ್ಲುತ್ತದೆ. ಮಲ ಮೂತ್ರ ಗೊತ್ತಾಗುವುದಿಲ್ಲ. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಿ, ಬೆನ್ನು, ಹಿಮ್ಮಡಿ ಕೆಂಪಗಾಗಿದೆಯಾ ನೋಡುತ್ತಿರಿ. ಮಳೆಗಾಲದ ತೇವದಲ್ಲಿ ಹಾಸಿಗೆ ಹುಣ್ಣು ಒಣಗುವುದು ಕಷ್ಟ.

ನುಂಗುವುದು ಕಷ್ಟವಾದಾಗ ನೀರೇ ಜಾಸ್ತಿ ಅಪಾಯ, ಶ್ವಾಸಕೋಶಕ್ಕೆ ಇಳಿದು ನ್ಯುಮೋನಿಯಾ ಆಗುತ್ತದೆ. ಈ ಕಾಯಿಲೆಯಲ್ಲಿ ತುಂಬಾ ಜನ ಹೋಗುವುದು ಅದರಿಂದಲೇ. ಮಲಗಿಸಿ ಉಣ್ಣಿಸಬೇಡಿ. ನೆಟ್ಟಗೆ ಕೂರಿಸಿ, ಗದ್ದ ಸ್ವಲ್ಪ ಕೆಳಗೆ, ಸಣ್ಣ ಚಮಚ, ಒಂದು ತುತ್ತು ಪೂರ್ತಿ ಇಳಿದ ಮೇಲೆ ಇನ್ನೊಂದು. ಉಂಡ ಮೇಲೆ ಅರ್ಧ ಗಂಟೆ ಕೂತೇ ಇರಲಿ. ಮೂಗಿನ ನಳಿಗೆ ಹಾಕಿಸುವುದಾ ಅನ್ನುವ ಪ್ರಶ್ನೆ ಬರುತ್ತದೆ. ಈ ಹಂತದಲ್ಲಿ ನಳಿಗೆಯಿಂದ ಆಯಸ್ಸು ಹೆಚ್ಚುವುದಿಲ್ಲ, ನ್ಯುಮೋನಿಯಾವೂ ತಪ್ಪುವುದಿಲ್ಲ ಅಂತ ವೃದ್ಧರ ವೈದ್ಯರು ಹೇಳುತ್ತಾರೆ, ಕೈಯಲ್ಲಿ ನಿಧಾನವಾಗಿ ಉಣ್ಣಿಸುವುದೇ ಮೇಲು ಅಂತಾರೆ. ಇದನ್ನು ಆಸ್ಪತ್ರೆಯ ಕಾರಿಡಾರಿನಲ್ಲಿ ನಿಂತು ತೀರ್ಮಾನ ಮಾಡಬೇಡಿ, ಮೊದಲೇ ಅಣ್ಣ ತಮ್ಮಂದಿರೆಲ್ಲಾ ಕೂತು ಮಾತಾಡಿಕೊಳ್ಳಿ.

ಅಮ್ಮನಿಗೆ ಈಗ ಒಂದು ಲೋಟ ಗಂಜಿ ಮುಗಿಯಲು ಮುಕ್ಕಾಲು ಗಂಟೆ ಬೇಕು. ಬರೀ ಉಪ್ಪು ಹಾಕಿದರೆ ಬಾಯಿ ಬಿಗಿ ಹಿಡಿಯುತ್ತಾಳೆ, ಒಂದು ಚೂರು ಜೋನಿ ಬೆಲ್ಲ ಸೇರಿಸಿದರೆ ತೆರೆಯುತ್ತಾಳೆ.